ಏಳನೇ ವರ್ಷದ ಬಿಲ್ಲೆ

ಗ್ರಿಮ್ಸ್‌ಬಿ
೧೯ ಜುಲೈ ೨೦೧೩, ಶುಕ್ರವಾರ

ಡೆಸ್ಮಂಡ್‌ಗೆ,

ಕ್ಷೇಮ ಎಂದು ಶುರುಮಾಡುವುದು ರೂಢಿ. ನೀನು ಕ್ಷೇಮವಾಗಿದ್ದೀಯೋ ಇಲ್ಲವೋ ಎನ್ನುವುದೇ ನನ್ನ ದಿಗಿಲು. ಅದಕ್ಕೇ ಆ ಮಾತು ಬಿಟ್ಟಿದ್ದೇನೆ.

ನಿನ್ನ ಆತ್ಮಕಥೆ ಓದಿ ಮುಗಿಸಿದೆ. ಕೊಂಡದ್ದು ನಾನಲ್ಲ, ನನ್ನ ಜೊತೆ ಮೀನಂಗಡಿಯಲ್ಲಿ ಕೆಲಸ ಮಾಡುವ ಡೋರೀನ್. "ಏನೇ ಗ್ಲೆನಿಸ್, ನಿನ್ ಗಂಡ ನಿನ್ನ ಕಾಲನ್ನೇ ಎರಡು ಪುಟ ಹೊಗಳಿದಾನಲ್ಲೇ! ಪಾಪ, ಈ ರಬ್ಬರ್ ಬೂಟು ನೋಡಿಲ್ಲ ಅವ್ನು" ಎಂದು ಗಿರಾಕಿಗಳ ಮುಂದೆಯೇ ಆಡಿಕೊಂಡಳು. ನಾನೂ ನಕ್ಕೆ. ಬಿಟ್ಟು ಎಂಟು ವರ್ಷವಾದ ಗಂಡ ಎಂದು ಅವಳಿಗೆ ನೆನಪಿಸಲಿಲ್ಲ.

ಚೆನ್ನಾಗಿ ಬರೆದಿದ್ದೀಯ ಮಾರಾಯ. ಇಪ್ಪತ್ತು ಸಾವಿರ ಜನ ನಿನ್ನ ಹೆಸರು ಕೂಗುತ್ತಿದ್ದಾಗ ವೇದಿಕೆಯ ಹಿಂದೆ ಬಕೆಟ್ಟಿಗೆ ವಾಂತಿ ಮಾಡಿಕೊಂಡದ್ದು, ಸೂಜಿ ಚುಚ್ಚಲು ತೋಳಿನಲ್ಲಿ ಜಾಗ ಸಿಗದೆ ಪಾದಕ್ಕೆ ಇಳಿದದ್ದು, ನಿಮ್ಮಮ್ಮನ ಅಂತ್ಯಕ್ರಿಯೆಗೆ ಅಮಲಿನಲ್ಲಿ ಬಂದು ಇನ್ಯಾರದೋ ಪೆಟ್ಟಿಗೆಯ ಮುಂದೆ ಅತ್ತದ್ದು, ಯಾವುದನ್ನೂ ಬಚ್ಚಿಟ್ಟಿಲ್ಲ. ಎಂಥ ಪ್ರಾಮಾಣಿಕತೆ ಎಂದು ಪತ್ರಿಕೆಯವರು ಕೊಂಡಾಡುತ್ತಿದ್ದಾರೆ.

ನನಗೆ ಅನುಮಾನ ಬಂದದ್ದು ಅಲ್ಲೇ. ಹಳೆಯ ತಪ್ಪುಗಳನ್ನೆಲ್ಲ ಒಪ್ಪಿಕೊಂಡು ನೀನು ಅತ್ತ ದಿನವೇ ಹೊಸದೊಂದು ನಿನ್ನ ಜೇಬಿನಲ್ಲಿರುತ್ತಿತ್ತು. ನಾನು ಮರೆತಿಲ್ಲ.

ಆದರೂ ಸುಮ್ಮನಿರುತ್ತಿದ್ದೆನೇನೋ. ಕೊನೆಯ ಪುಟ ಓದಿಬಿಟ್ಟೆ. ಚಟ ಬಿಟ್ಟವರ ಕೂಟದಲ್ಲಿ ಏಳನೇ ವರ್ಷಕ್ಕೆ ಕೊಟ್ಟ ಹಿತ್ತಾಳೆ ಬಿಲ್ಲೆ ಈ ಸಾಲು ಬರೆಯುವಾಗಲೂ ನಿನ್ನ ಜೇಬಿನಲ್ಲಿದೆ ಎಂದಿದ್ದೀಯ. ಕೆಳಗೆ ಫೆಬ್ರವರಿಯ ತಾರೀಕು. ಡೆಸ್, ಆ ಬಿಲ್ಲೆ ಕ್ರಿಸ್‌ಮಸ್ಸಿನಿಂದಲೂ ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ.

ನೀನೇ ಟ್ಯಾಮ್ಸಿನ್ ಕೈಗೆ ಕೊಟ್ಟು ಹೋದೆ. "ಅಮ್ಮಾ, ಅಪ್ಪ ತನ್ನ ಬಿಲ್ಲೇನೇ ಕೊಟ್ಬಿಟ್ಟ! ನನ್ ಹತ್ರ ಭದ್ರವಾಗಿರುತ್ತಂತೆ" ಎಂದು ಹುಡುಗಿ ಕುಣಿದಾಡಿದಳು. ನಾನೂ ಪೆದ್ದಿ, ಮಗಳ ಮೇಲಿನ ಪ್ರೀತಿ ಅಂದುಕೊಂಡೆ. ಆ ಕೂಟದ ಹಿಂದಿನ ಬೆಂಚಿನಲ್ಲಿ ಎಷ್ಟು ಮಂಗಳವಾರ ನಿನ್ನ ಪಕ್ಕ ಕೂತಿದ್ದೇನೆ! ಮತ್ತೆ ಜಾರಿದವನಿಗೆ ಎಣಿಕೆ ಮೊದಲಿನಿಂದ, ಹಳೆಯ ಬಿಲ್ಲೆ ಅವನದಲ್ಲ. ಕೂಟಕ್ಕೆ ಹಿಂದಿರುಗಿಸುವ ಧೈರ್ಯವಿಲ್ಲದೆ, ಇಟ್ಟುಕೊಳ್ಳಲು ಮನಸ್ಸೊಪ್ಪದೆ ಮಗಳಿಗೆ ದಾಟಿಸಿದೆಯಾ?

ನಾಳೆ ಅವಳು ಲೀಡ್ಸಿಗೆ ಬರುತ್ತಿದ್ದಾಳೆ. ನಿನ್ನ ಕಾರ್ಯಕ್ರಮಗಳಿಗಾಗಿ ಆರು ವಾರ ಊರೂರು ತಿರುಗುವ ವ್ಯಾನು, ಓಡಿಸುವವನು ನೀನು, ಪಕ್ಕದ ಸೀಟಿನಲ್ಲಿ ಅವಳು. ಬೇಡ ಕಣೆ ಅಂದೆ. "ನಿನ್ ಕಾರಲ್ಲಂತೂ ಜನ್ಮದಲ್ಲಿ ಕೂರಲ್ಲ. ಅಪ್ಪ ನಿನ್ ಥರ ಗೋಡೆಗೆ ಗುದ್ದಲ್ಲ" ಅಂದಳು.

ಬಂದರಿನ ಗೋಡೆಯ ಆ ಅಪಘಾತ ನಿನ್ನ ಪುಸ್ತಕದಲ್ಲಿ ಒಂದೇ ಸಾಲು: ಹೆಂಡತಿ ಓಡಿಸುತ್ತಿದ್ದಳು. ಟ್ಯಾಮ್ಸಿನ್‌ಗಾಗ ನಾಲ್ಕು ವರ್ಷ, ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಗಲ್ಲದ ಹೊಲಿಗೆಯ ಗುರುತು ಇನ್ನೂ ಇದೆ. ಅಮಲಿನಲ್ಲಿದ್ದ ನಿನ್ನನ್ನು ಪಕ್ಕಕ್ಕೆ ಎಳೆದು ನಿನ್ನ ಸೀಟಿನಲ್ಲಿ ಕೂತು ಪೊಲೀಸರಿಗೆ ಸುಳ್ಳು ಹೇಳಿದವಳು ನಾನೇ. ಆ ತಪ್ಪು ನನ್ನದು, ನಿನ್ನ ಮೇಲೆ ಹಾಕುವುದಿಲ್ಲ. ಆದರೆ ಈಗ ನಿಜ ಹೇಳಹೊರಟರೆ ಅವಳು ನಂಬುತ್ತಾಳಾ? ಓಡಿಸಿದ್ದು ನಾನೇ ಎಂದು ಎಲ್ಲವನ್ನೂ ಒಪ್ಪಿಕೊಂಡ ಅಪ್ಪನ ಪುಸ್ತಕದಲ್ಲೇ ಅಚ್ಚಾಗಿದೆ. ನನ್ನ ಮಾತು ಹೊಟ್ಟೆಕಿಚ್ಚಿನ ಹಾಗೆ ಕೇಳಿಸುತ್ತದೆ. ಅವಳನ್ನು ತಡೆಯಬಲ್ಲವನು ನೀನೊಬ್ಬನೇ.

ನನ್ನ ಊಹೆ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಿರುವ,
ಗ್ಲೆನಿಸ್

ತಾ.ಕ.: ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದುವಾಗ ಎದುರಿಗೇ ಇರುತ್ತಾಳೆ, ಮುಖ ಜೋಪಾನ. ಲಕೋಟೆಯಲ್ಲಿ ಆ ಬಿಲ್ಲೆಯಿದೆ, ಸಂಜೆ ಐದೂವರೆ ರೈಲಿಗೆ ಅವಳ ವಾಪಸ್ ಟಿಕೆಟ್ಟೂ ಇದೆ. ಬಿಲ್ಲೆ ಇನ್ನೂ ನಿನ್ನದೇ ಆಗಿದ್ದರೆ ಜೇಬಿಗೆ ಹಾಕಿಕೋ, ನನ್ನನ್ನು ಹುಚ್ಚಿ ಅಂತ ಬೈದು ಅವಳನ್ನು ವ್ಯಾನ್ ಹತ್ತಿಸು. ಅಲ್ಲದಿದ್ದರೆ ಟಿಕೆಟ್ಟನ್ನು ಅವಳ ಕೈಗಿಡು. ಯಾವ ನೆಪವನ್ನಾದರೂ ಹೇಳು, ನನ್ನ ಮೇಲೇ ಹಾಕು, ನನಗೆ ಅಭ್ಯಾಸವಾಗಿದೆ. ಎಂಟು ಗಂಟೆಗೆ ಇಲ್ಲಿನ ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತೇನೆ. ನಡೆದೇ ಹೋಗುತ್ತೇನೆ, ಕಾರು ತಂದರೆ ಅವಳು ಹತ್ತುವುದಿಲ್ಲವಲ್ಲ.