ನೆಲಗುಬ್ಬಿ ಮಲಗಿದ ಒರತೆ

ಮರಳಿನ ಲೆಕ್ಕದಲ್ಲಿ ನೂರಾ ಎಂಬತ್ತೊಂದನೇ ವರ್ಷ, ಎರಡನೇ ಬಿರುಗಾಳಿ ತಿಂಗಳು, ನಲವತ್ತನೇ ದಿನ.

ಏಳು ತಲೆ ಹಿಂದಿನ ನನ್ನ ಹಿರಿಯ ವಿರುಪನಗೌಡನಿಗೆ ಗಂಗಮಾಳವ್ವ ಬರೆಯುವುದು. ನಿನ್ನ ಕಾಲದಲ್ಲಿ ತಿಂಗಳಿಗೆ ನಲವತ್ತು ದಿನ ಇರಲಿಲ್ಲವೆಂದು ಬಲ್ಲೆ. ನಾವು ಗಾಳಿ ದಿಕ್ಕು ತಿರುಗುವವರೆಗೆ ಒಂದೇ ತಿಂಗಳೆಂದು ಎಣಿಸುತ್ತೇವೆ. ನಾನು ಓದಿದ್ದು ನಾಲ್ಕನೇ ಇಯತ್ತೆ, ದಿನಚರಿ ಬಿಟ್ಟು ಬೇರೇನೂ ಬರೆದವಳಲ್ಲ. ನಿನಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸು. ಹಿರಿಯನನ್ನು ‘ನೀನು’ ಎಂದಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಇರುಳುಗಾತಿ. ಕತ್ತಲಾದ ಮೇಲೆ ಮರಳಿನಲ್ಲಿ ನೆಲಗುಬ್ಬಿಗಳು ಮಲಗಿದ ಜಾಗ ಹುಡುಕುವುದು ನಮ್ಮ ಮನೆಯ ಹೆಂಗಸರ ಕಸುಬು. ಈ ಹಕ್ಕಿ ಮರ ಹತ್ತುವುದಿಲ್ಲ, ಹತ್ತಲು ಮರವೂ ಉಳಿದಿಲ್ಲ. ಸಂಜೆಯವರೆಗೆ ಮೇಲೆ ಹಾರಿ ಹಾಡುತ್ತದೆ. ಕತ್ತಲಾದೊಡನೆ ಎದೆಯಿಂದ ಬಟ್ಟಲಿನಷ್ಟು ಗುಳಿ ಮಾಡಿಕೊಂಡು, ಗಾಳಿಗೆ ಮುಖ ಕೊಟ್ಟು ಕೂರುತ್ತದೆ. ಬಿಳಿ ಹಿಕ್ಕೆ ಬಿದ್ದ ಗುಳಿಗಳನ್ನು ನಾವು ಹಗಲೇ ಗುರುತಿಟ್ಟುಕೊಳ್ಳುತ್ತೇವೆ. ರಾತ್ರಿ ಕೆಂಪು ಬಟ್ಟೆ ಸುತ್ತಿದ ದೀಪವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬರಿಗಾಲಲ್ಲಿ, ಅದರ ಬೆನ್ನ ಕಡೆಯಿಂದ ಹೋಗುತ್ತೇವೆ. ಕಲ್ಲೋ ಹಕ್ಕಿಯೋ ತಿಳಿಯದಿದ್ದರೆ ನಿಂತು ಕಾಯಬೇಕು. ಕಲ್ಲು ಉಸಿರಾಡುವುದಿಲ್ಲ. ಮೆಲ್ಲಗೆ ಎತ್ತಿ ಎದೆಮೂಳೆ ಮುಟ್ಟಿ ನೋಡುತ್ತೇವೆ. ಮೂಳೆ ಚುಚ್ಚದೆ ಮೈ ತುಂಬಿಕೊಂಡಿದ್ದರೆ ಪಕ್ಕದ ಒರತೆ ಕುಡಿಯಲು ಯೋಗ್ಯ. ನನ್ನ ಅವ್ವ, ಅವಳ ಅವ್ವ ಹೀಗೆಯೇ ಊರಿಗೆ ನೀರು ತೋರಿಸಿದರು. ಹುಡುಕಿದವರ ಮನೆಯವರೇ ಮೊದಲು ಕುಡಿಯಬೇಕು, ಒಂದು ಹಗಲು ಕಾದ ಮೇಲೆ ಊರು ಕುಡಿಯುತ್ತದೆ.

ಹೋದ ಬಿರುಗಾಳಿಯಲ್ಲಿ ನಮ್ಮ ಒರತೆ ಮುಚ್ಚಿಹೋಯಿತು. ನಾನೂ ಮಗಳು ಹುಲಿಗೆವ್ವನೂ ಊರ ಸುತ್ತ ಒಂಬತ್ತು ರಾತ್ರಿ ಹುಡುಕುತ್ತ ನಡೆದೆವು. ಒಂಬತ್ತನೆಯ ರಾತ್ರಿ ದಿಬ್ಬದಾಚೆ ಒಂದು ತಗ್ಗು ಸಿಕ್ಕಿತು. ಗೇಣುದ್ದ ತೋಡುವಷ್ಟರಲ್ಲಿ ನೀರು ಬಂತು. ಸುತ್ತ ನಲವತ್ತರಷ್ಟು ಹಕ್ಕಿ, ಎಲ್ಲವೂ ಕೊಬ್ಬಿದ್ದವು.

“ಯವ್ವಾ, ಇವು ಇಲ್ಲಿ ನೀರು ಕುಡದದ್ದು ನೋಡಿಯೇನು?” ಎಂದಳು ಮಗಳು.

“ಹಕ್ಕಿಗಿಂತ ನೀ ಶಾಣ್ಯಾ ಆದಿ ಈಗ” ಎಂದೆ ನಾನು.

ನಾನು ಬಗ್ಗುವಷ್ಟರಲ್ಲಿ ಅವಳು ಹೆಗಲು ಹಿಡಿದು ಸರಿಸಿದಳು. “ತಡಿ. ನಿನಗಿರೋವು ನಾಕು ಹಲ್ಲು. ಈ ತಣ್ಣನ್ನ ನೀರಿಗೆ ಅವೂ ಉದುರಿದ್ರ ನಿನಗ ರೊಟ್ಟಿ ಅಗದು ಕೊಡೋರು ಯಾರು?” ಎಂದು ನಗುತ್ತಲೇ ಕುಡಿದಳು.

ಬೆಳಗಿನ ಹೊತ್ತಿಗೆ ಅವಳ ತುಟಿ ಬೆಂದಿತ್ತು. ಮೂರನೇ ದಿನ ಕಣ್ಣು ಕಾಣಿಸಲಿಲ್ಲ. ನಾಲ್ಕನೇ ದಿನ ಹೂತೆವು.

ಆ ಹಕ್ಕಿಗಳ ಕತ್ತು ಮುರಿಯುತ್ತೇನೆಂದು ಮತ್ತೆ ಅಲ್ಲಿಗೆ ಹೋದೆ. ಒಂದನ್ನು ಹಿಡಿದೂ ಹಿಡಿದೆ. ಅದರ ಎದೆ ಅಂಗೈಯಲ್ಲಿ ಬಡಿದುಕೊಳ್ಳುತ್ತಿತ್ತು. ಮುರಿಯಲಾಗದೆ ಬೆಳಗಾಗುವವರೆಗೆ ಹಾಗೇ ಕೂತೆ. ಬೆಳಗಾದಾಗ ಎಲ್ಲವೂ ಎದ್ದು ಹುಲ್ಲಿನ ಬೀಜ ಹುಡುಕುತ್ತ ಹೋದವು. ಒಂದೂ ನೀರಿಗೆ ಕೊಕ್ಕು ಇಡಲಿಲ್ಲ. ಹತ್ತು ದಿನ ನೋಡಿದೆ. ಬೀಜದೊಳಗಿನ ಪಸೆಯೇ ಅವಕ್ಕೆ ಸಾಕು. ಮಲಗಿದ ಹಕ್ಕಿಯನ್ನು ಹುಡುಕುವುದು ನಮಗೆ ಗೊತ್ತಿತ್ತು, ಎದ್ದ ಹಕ್ಕಿಯ ಹಿಂದೆ ಮೂರು ತಲೆಮಾರಿನಲ್ಲಿ ಯಾರೂ ಹೋಗಿರಲಿಲ್ಲ. ಅವು ಅಲ್ಲಿ ಮಲಗುತ್ತಿದ್ದದ್ದು ನೆಲ ಮೆತ್ತಗಿದ್ದುದಕ್ಕೆ.

ಅಲ್ಲಿ ಮಾತ್ರ ಯಾಕೆ ಮೆತ್ತಗಿದೆಯೆಂದು ಅಗೆದೆ. ಆಳುದ್ದದಲ್ಲಿ ತುಕ್ಕು ಹಿಡಿದು ಕುಸಿದ ಡ್ರಮ್ಮುಗಳು ಸಿಕ್ಕವು, ಸಾಲುಸಾಲು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅವುಗಳಲ್ಲಿ ತುಂಬಿದ್ದ ಫ್ಯಾಕ್ಟರಿ ವಿಷದ ಪಟ್ಟಿ ಇತ್ತು. ಪಟ್ಟಿಯ ಕೆಳಗೆ ಕೈಬರಹ: “ಇಲ್ಲಿ ಬೋರ್ಡ್ ಹಾಕಬ್ಯಾಡ್ರಿ. ಜನ ಓದಿದ್ರ ನಾಳೆ ಫ್ಯಾಕ್ಟರಿ ಮುಂದ ಬಂದು ಕೂಡ್ತಾರ. ಮಣ್ಣು ಎಳದು ಸುಮ್ನಾಗ್ರಿ.” ಅದರ ಕೆಳಗೆ ನಿನ್ನ ಹೆಸರು, ನಿನ್ನ ಊರು, ನಿನ್ನ ಸಹಿ.

ಹಿರಿಯರ ಅಮಾವಾಸ್ಯೆಗೆ ನಾವು ಏಳು ತಲೆಯ ಹೆಸರು ಹೇಳಿ ಎಡೆ ಇಡುತ್ತೇವೆ. ಏಳನೆಯ ಹೆಸರು ನಿನ್ನದು. ನೀರಿಲ್ಲದ ವರ್ಷಗಳಲ್ಲೂ ನಮ್ಮ ಪಾಲಿನಿಂದ ನಿನಗೊಂದು ಲೋಟ ತೆಗೆದಿಟ್ಟಿದ್ದೇನೆ, ಪುಟ್ಟ ಹುಲಿಗೆವ್ವ ಬಾಯಾರಿ ಅದನ್ನೇ ನೋಡುತ್ತಿದ್ದರೂ. ಈಗ ಊರವರು, ಅವನ ಹೆಸರು ಬಿಟ್ಟುಬಿಡು ಎನ್ನುತ್ತಾರೆ. ಬಿಡುವುದಿಲ್ಲ. ಹೆಸರು ಬಿಟ್ಟರೆ ನೀನು ಪಾರಾಗುತ್ತೀಯ. ಹೆಸರು ಹಿಡಿದು ಕರೆದರೆ ಸತ್ತವರು ಬರಲೇಬೇಕು.

ನಿನ್ನ ಪೆನ್ನು ಇನ್ನೂ ಆ ಕಾಗದ ಮುಟ್ಟದಿದ್ದರೆ, ಬೋರ್ಡು ಹಾಕಿಸು. ಕಲ್ಲಿನಲ್ಲಿ ಕೆತ್ತಿಸು, ಮರಳು ಮುಚ್ಚದಷ್ಟು ಎತ್ತರಕ್ಕೆ. ನನ್ನ ಮಗಳು ಓದಬಲ್ಲವಳಾಗಿದ್ದಳು.

ಸಹಿ ಹಾಕಿಯಾಗಿದ್ದರೆ, ನಾಳೆ ಅಮಾವಾಸ್ಯೆ. ಆರು ಜನರ ಎಡೆಗೆ ಆಮೇಲೆ ಸಿಕ್ಕ ಒಳ್ಳೆಯ ಒರತೆಯ ನೀರು ಇಡುತ್ತೇನೆ. ನಿನ್ನ ಎಡೆಗೆ ಮಾತ್ರ ಆ ಗುಂಡಿಯದು. ನಾನು ಬದುಕಿರುವಷ್ಟು ವರ್ಷ ಅದೇ ನೀರು. ಹೋಗಿ ತಂದು ಲೋಟ ತುಂಬಿಟ್ಟಿದ್ದೇನೆ. ನಾಳೆ ಸಂಜೆ ಕರೆಯುತ್ತೇನೆ, ಬಾ.