ಮಾವನೆಂದು ಸಹಿ ಹಾಕಿದವರಿಗೆ

ಪಾಂಡವಪುರ, ಗುರುವಾರ

ಸಿಂಧಘಟ್ಟದ ಪುಟ್ಟರಾಜು ಅವರಿಗೆ,

ಬೆಲ್ಲದ ಮಂಡಿ ಕೆಂಪಣ್ಣನ ನಮಸ್ಕಾರ. ಬೀಗರೇ ಎಂದು ಬರೆಯುವಷ್ಟು ದೂರ ನಾವಿನ್ನೂ ಬಂದಿಲ್ಲ.

ನನ್ನ ಮಗಳು ಸಹನಳ ಸೇನಾ ಕಚೇರಿಗೆ ನೀವು ಹಾಕಿದ ಅರ್ಜಿ ತಲುಪಿದೆ. ಆಫ್ರಿಕಾಕ್ಕೆ ಹೊರಟ ಶಾಂತಿಪಾಲನಾ ಪಡೆಯಿಂದ ‘ನಮ್ಮ ಸೊಸೆ’ಯ ಹೆಸರು ತೆಗೆಯಿರಿ ಎಂದು ಕೇಳಿ, ಕೆಳಗೆ ‘ಮಾವ’ ಎಂದು ಸಹಿ ಹಾಕಿದ್ದೀರಿ. ನೀವು ಹೆಣ್ಣು ನೋಡಲು ಬಂದು ಉಪ್ಪಿಟ್ಟು, ಕೇಸರಿಬಾತು ತಿಂದು ಹೋದವರು. ಅಷ್ಟಕ್ಕೇ ಸಂಬಂಧ ಕುದುರುವುದಾದರೆ ಹೋಟೆಲಿಗೆ ಬಂದವರೆಲ್ಲ ಮಾಲೀಕನಿಗೆ ಬೀಗರಾಗಬೇಕು.

ಅಂದು ನಿಮ್ಮ ಯಜಮಾನಿ, “ಅಷ್ಟು ದೂರ ಓಗಿ ಯಾರ್ಗೋ ಅನ್ನ ಬಡಿಸ್ಬೇಕಾ? ನಮ್ಮನೇಲೇ ಬಡಿಸ್ಲಿ ಬುಡಿ” ಎಂದರು. ನಿಮ್ಮ ಮಗ ಶಂಕರ್ ನಿಮ್ಮ ಮುಖ ನೋಡಿಕೊಂಡು ಹೂಂ ಎಂದು ತಲೆಯಾಡಿಸಿದ. ಅಲ್ಲಿನ ನಿರಾಶ್ರಿತರಿಗೆ ಅಕ್ಕಿ, ನೀರು, ಔಷಧಿ ಯಾವ ದಾರಿಯಲ್ಲಿ ಹೋಗಬೇಕು, ಬಂದೂಕಿನವರು ಅಡ್ಡ ಹಾಕಿದರೆ ಏನು ಮಾಡಬೇಕು ಎಂದು ಯೋಜನೆ ಹಾಕಿದವಳು ಸಹನ. ನಿಮಗೆ ಅವಳಲ್ಲಿ ಕಂಡದ್ದು ಸೌಟು ಹಿಡಿಯುವ ಕೈ ಮಾತ್ರ.

ಮೇಲಧಿಕಾರಿ ಅರ್ಜಿ ತೋರಿಸಿ, ಏನು ಮಾಡಲಿ ಎಂದು ಅವಳನ್ನೇ ಕೇಳಿದರಂತೆ. “ಇವ್ರು ಯಾರೂಂತ ನಂಗೊತ್ತಿಲ್ಲ ಅಂದ್ಬುಟ್ಟೆ ಕಣಪ್ಪ” ಅಂದಳು. ಫೋನ್ ಇಡುವ ಮುನ್ನ, ಶಂಕರ್‌ಗೂ ಈ ಅರ್ಜಿ ಗೊತ್ತಿತ್ತಾ ಎಂದು ಕೇಳಿದಳು. ಹುಡುಗ ಅವಳಿಗೆ ಹಿಡಿಸಿದ್ದ.

ಹೊರಡುವ ಮುನ್ನ ಭಾನುವಾರ ಮನೆಗೆ ಬರುತ್ತಾಳೆ. ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ. ಶಂಕರ್ ಬರುವುದಾದರೆ ಬರಲಿ, ಆದರೆ ನಿಮ್ಮನ್ನು ಕೇಳದೆ ಬರಲಿ.

ಇತಿ,
ಸಹನಳ ಅಪ್ಪ
ಕೆಂಪಣ್ಣ