ಕೆಂಪು ಬಿದ್ದ ತೋಟ

ಕಲಾದಗಿ
೧೨-೪-೧೯೮೫

ಹೈದರಾಬಾದಿನಲ್ಲಿರುವ ಯಜಮಾನರಿಗೆ ಬಸಲಿಂಗವ್ವನ ಶರಣು.

ಆರೋಗ್ಯವೇ? ಕೆಮ್ಮು ನಿಂತಿತೇ? ಖಾನಾವಳಿಯ ಊಟ ಹೊಟ್ಟೆಗೆ ಒಗ್ಗಿತೇ? ಇಲ್ಲಿ ಮಕ್ಕಳು ಚೆನ್ನಾಗಿದ್ದಾರೆ. ನಿಮ್ಮ ಅಪ್ಪನವರೂ ಗಟ್ಟಿಯಾಗಿದ್ದಾರೆ, ತೋಟದ ಮರ ಕಡಿಸುವಷ್ಟು ಗಟ್ಟಿಯಾಗಿದ್ದಾರೆ. ನನ್ನ ತಲೆ ಮಾತ್ರ ಕೆಟ್ಟುಹೋಗಿದೆ.

ಅಲ್ಲ, ಆ ಉಪಗ್ರಹದ ಚಿತ್ರವನ್ನು ಕಳಿಸೆಂದು ನಿಮಗೆ ಯಾರು ಹೇಳಿದ್ದರು? ಕಳಿಸಿದಿರಿ, ಇರಲಿ. ‘ಹೊಳೆದಂಡೆಯಲ್ಲಿ ನಮ್ಮ ತೋಟ ಎಷ್ಟು ಕೆಂಪಾಗಿ ಬಿದ್ದಿದೆ ನೋಡಿರಿ’ ಎಂದು ಅಪ್ಪನಿಗೆ ಬರೆದು, ಸುತ್ತ ಗೆರೆಯನ್ನೂ ಎಳೆದಿರಿ. ಮರಗಿಡದ ಹಸಿರು ಆ ಚಿತ್ರದಲ್ಲಿ ಕೆಂಪಾಗಿ ಕಾಣುತ್ತದೆ, ಹತ್ತು ವರ್ಷದ ಹಿಂದಿನ ಚಿತ್ರದ ಪಕ್ಕ ಇಟ್ಟು ಹಸಿರು ಹೆಚ್ಚಿತೋ ಕಡಿಮೆಯಾಯಿತೋ ನೋಡುವುದೇ ನಿಮ್ಮ ಕೆಲಸ ಎಂದು ದೀಪಾವಳಿಗೆ ಬಂದಾಗ ನನ್ನೊಬ್ಬಳಿಗೆ ಹೇಳಿದಿರಿ. ಅವರಿಗೂ ಅದನ್ನು ಒಂದು ಸಾಲು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಆಣೆಕಟ್ಟಿನ ಸರ್ವೆಯವರು ಬಾಗಲಕೋಟೆಯ ಕಡೆ ಮುಳುಗುವ ಜಾಗಕ್ಕೆಲ್ಲ ನಕ್ಷೆಯಲ್ಲಿ ಕೆಂಪು ಬಳಿದದ್ದನ್ನು ಕಣ್ಣಾರೆ ಕಂಡ ಮನುಷ್ಯ ಅವರು. ಚಿತ್ರ ನೋಡಿದವರೇ ಕಟ್ಟೆಯ ಮೇಲೆ ಕುಸಿದು ಕುಳಿತು, ‘ಮುಗೀತವಾ, ನಮ್ಮ ತ್ವಾಟಾನೂ ಮುಳುಗಡಿ ಆತು’ ಎಂದರು.

ನಾನು ಹೇಳಿ ಹೇಳಿ ಸಾಕಾದೆ. ‘ಗಿಡದ ಎಲಿ ಎಲ್ಲ್ಯಾರ ಕೆಂಪ ಇರ್ತಾವೇನವಾ? ಮಗಾ ಬಾಯಿಬಿಟ್ಟು ಹೇಳಲಾರದ ಗೆರಿ ಎಳದು ತಿಳಿಸ್ಯಾನ’ ಎನ್ನುತ್ತಾರೆ. ನೀರಲ್ಲಿ ಕೊಳೆಯುವ ಬದಲು ಬೇರೆ ಕಡೆ ಕಟ್ಟುವ ಹೊಸ ಮನೆಗೆ ತೊಲೆಯಾಗಲಿ ಎಂದು ಇಮಾಮಸಾಬನನ್ನು ಕರೆಸಿ ಕಡಿಸುತ್ತಿದ್ದಾರೆ. ಹುಣಸೆ ಹೋಯಿತು, ಮಾವು ಹೋಯಿತು. ಪಕ್ಕದ ಹೊಲದ ಅಮಾತೆಪ್ಪ ಕಾಕಾ ಕೂಡ ಚಿತ್ರ ನೋಡಿಹೋಗಿ ಕೊಡಲಿ ಮಸೆಯುತ್ತಿದ್ದಾರೆ. ಮುಂದಿನ ಚಿತ್ರದಲ್ಲಿ ಈ ದಂಡೆ ಬೋಳಾಗಿ ಕಂಡರೆ ಮಳೆರಾಯನ ಮೇಲೆ ತಪ್ಪು ಹೊರಿಸಿ ವರದಿ ಬರೆಯಬೇಡಿ. ಹಸಿರು ಕಾಯಬೇಕಾದವರ ಮನೆಯಲ್ಲೇ ಹೀಗಾದರೆ ನನಗೆ ಸಿಟ್ಟು ಬರಬೇಡವೇ?

ಮಕ್ಕಳು ನಮಸ್ಕಾರ ಹೇಳಿದ್ದಾರೆ. ಹೊತ್ತುಹೊತ್ತಿಗೆ ಊಟ ಮಾಡಿ. ಸಿಟ್ಟಿನಲ್ಲಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು, ಹಾಕಿಕೊಳ್ಳದಿದ್ದರೂ ಸರಿ.

ನಿಮ್ಮ
ಬಸಲಿಂಗವ್ವ

ತಾ.ಕ.: ಟಪಾಲಿನ ಹೊತ್ತಾಯಿತು. ಅತ್ತೆಯವರ ಸಮಾಧಿಯ ಹತ್ತಿರದ ಬೇವನ್ನಾದರೂ ಬಿಡಿ ಎಂದು ಮಾವನವರಿಗೆ ಕೈಮುಗಿದೆ. ‘ಆಕೀನ ನೀರಾಗ ಬಿಟ್ಟು ನಾ ಹೆಂಗ ಹೋಗ್ಲಿ? ಆ ಬೇವು ನಡುತೊಲಿ ಆಗ್ಲಿ, ಆಕಿ ನಮ್ಮ ಜೋಡಿ ಬರ್ತಾಳ’ ಎಂದು ಅತ್ತುಬಿಟ್ಟರು. ಅಮಾವಾಸ್ಯೆಗೆ ಕಡಿದರೆ ತೊಲೆಗೆ ಹುಳ ಹತ್ತುವುದಿಲ್ಲವಂತೆ, ಅದಕ್ಕೇ ಇನ್ನೂ ನಿಂತಿದೆ. ಕಾಗದ ಬೇಡ, ನೀವೇ ಬನ್ನಿ.